ನನ್ನ ಫೋಟೋದ ಕೆಳಗಿನ ಬರಹ

ಇದನ್ನು ಹೇಳುವುದನ್ನು ಮುಂದೆ ಹಾಕುತ್ತಲೇ ಬಂದೆ. ಕಬ್ಬಿನ ಹಂಗಾಮು ಮುಗಿಯಲಿ ಎಂದುಕೊಂಡೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದುಕೊಂಡೆ, ಅದನ್ನೂ ತೆಗೆಸಿಕೊಂಡೆ. ಮೊಮ್ಮಗಳ ಮದುವೆ ಒಂದು ಆಗಿಹೋಗಲಿ ಎಂದುಕೊಂಡೆ. ಈಗ ಅವಳಿಗೆ ಮಗುವೂ ಆಗಿದೆ. ಇನ್ನು ನೆವ ಹುಡುಕಿದರೂ ಸಿಗುವುದಿಲ್ಲ. ಹೇಳಿದರೆ ಹಗುರಾಗುತ್ತೇನೆ ಎಂಬ ಆಸೆಯೂ ನನಗಿಲ್ಲ.

ನಾನು ಕಾಗವಾಡದಲ್ಲಿ ಜಾಗದ ದಲಾಲಿ ಮಾಡಿಕೊಂಡು ಬದುಕಿದವನು. ಓದಿದ್ದು ಹೈಸ್ಕೂಲಿನವರೆಗೆ. ಮಿರಜ ರಸ್ತೆಯ ಮೇಲೆ ಒಂದು ಚಿಕ್ಕ ಅಂಗಡಿ, ನಾಲ್ಕು ಖುರ್ಚಿ, ಒಂದು ಮೇಜು. ಅಂಗಡಿಯ ಮುಂದಿನ ರಸ್ತೆ ಹಿಡಿದು ಸ್ವಲ್ಪ ಹೋದರೆ ಮಹಾರಾಷ್ಟ್ರ. ಬೀಗತನಕ್ಕೆ, ದವಾಖಾನೆಗೆ, ದ್ರಾಕ್ಷಿ ವ್ಯಾಪಾರಕ್ಕೆ ಆ ಗಡಿ ಯಾರಿಗೂ ಅಡ್ಡ ಬರುವುದಿಲ್ಲ. ಬೆಳಿಗ್ಗೆ ಕನ್ನಡದಲ್ಲಿ ಎದ್ದವರು ಮಧ್ಯಾಹ್ನ ಮರಾಠಿಯಲ್ಲಿ ಚೌಕಾಸಿ ಮಾಡಿ ಸಂಜೆ ಮನೆಗೆ ಬರುತ್ತಾರೆ. ಗಡಿ ಅಡ್ಡ ಬರುವುದು ಜಮೀನಿನ ಕಾಗದಪತ್ರಕ್ಕೆ ಮಾತ್ರ. ಆಚೆಯ ಕಾನೂನು ಬೇರೆ, ಈಚೆಯದು ಬೇರೆ. ದಲಾಲಿಗೆ ಇಳಿದವನು ಮೊದಲು ಕಲಿಯುವುದೇ ಇದನ್ನು. ನಾನೂ ಕಲಿತಿದ್ದೆ. ಗೊತ್ತಿರಲಿಲ್ಲ ಎಂದು ಮುಂದೆ ನಾನು ಹೇಳಿಕೊಳ್ಳಬಾರದು ಎಂದೇ ಇದನ್ನು ಮೊದಲು ಬರೆಯುತ್ತಿದ್ದೇನೆ.

ಮೊದಲೆಲ್ಲ ನಮ್ಮ ವ್ಯಾಪಾರ ನಡೆದದ್ದು ಬಾಯಿಮಾತಿನಲ್ಲಿ. ಗಿರಾಕಿಯನ್ನು ಕರೆದುಕೊಂಡು ಬದುವಿನ ಮೇಲೆ ನಡೆಯುತ್ತಿದ್ದೆ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕೃಷ್ಣೆ ಏರಿದರೆ ಎಲ್ಲಿಯವರೆಗೆ ಬರುತ್ತಾಳೆ, ಅಣ್ಣತಮ್ಮಂದಿರ ತಕರಾರು ಯಾವ ಹೊಲದಲ್ಲಿದೆ, ಎಲ್ಲ ಹೇಳುತ್ತಿದ್ದೆ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಸಾಂಗಲಿ, ಇಚಲಕರಂಜಿಯ ಏಜಂಟರಿಗೆಲ್ಲ ವೆಬ್‌ಸೈಟ್ ಆದವು. ಅವನ್ನು ನೋಡಿ ಬಂದ ಗಿರಾಕಿಗಳು ನನ್ನ ನಾಲ್ಕು ಖುರ್ಚಿಗಳನ್ನು ನೋಡಿ ಹಿಂದಕ್ಕೆ ಹೋಗತೊಡಗಿದರು.

ಆಗ ವೆಬ್‌ಸೈಟ್ ಮಾಡಿಕೊಡುವ ಕಂಪನಿಯವನೊಬ್ಬ ಮೋಟರ್‌ಸೈಕಲ್ ಮೇಲೆ ಬಂದ.

"ಕಾಕಾ, ನೀವು ಏನೂ ಬರಿಯೂದು ಬ್ಯಾಡ," ಎಂದ. "ಬರಿಯೂ ಮಂದಿ ಪುಣ್ಯಾದಾಗ ಕುಂತಾರ. ವಾರಾ ವಾರಾ ಒಂದು ಲೇಖ ತಾನ ಬಂದು ನಿಮ್ಮ ವೆಬ್‌ಸೈಟ್‌ನ್ಯಾಗ ಬೀಳತೈತಿ. ತಿಂಗಳಿಗೊಮ್ಮೆ ಅದರಾಗಿನ ಛಲೋದು ಆರಿಸಿ, ಪತ್ರಿಕಿ ಮಾಡಿ, ನಿಮ್ಮ ಗಿರಾಕಿಗಳ ಮೊಬೈಲಿಗೆ ಕಳಸತೀವಿ. ಮರಾಠಿನೂ ಇರತೈತಿ, ಕೆಳಗ ಕನ್ನಡಾನೂ ಇರತೈತಿ."

"ಹೆಸರು ಯಾರದು ಇರತೈತಿ?"

"ನಿಮ್ಮದ. ಫೋಟೋನೂ ನಿಮ್ಮದ."

"ಮತ್ತ ಸಾಂಗಲಿಯವರಿಗೆ?"

"ಅವರಿಗೆ ಅವರದು. ಲೇಖ ಒಂದ, ಮಾರಿ ಬ್ಯಾರೆ ಬ್ಯಾರೆ," ಎಂದು ನಕ್ಕ. "ಓದಿ ನೋಡಿ ಬಿಡಾಕ ಒಂದು ಬಟನ್ ಐತಿ. ನಿಮ್ಮ ಊರಿಗೆ ಹೊಂದಲಿಲ್ಲಂದ್ರ ತಿದ್ದಬಹುದು. ಬ್ಯಾಸರಾದ್ರ ಆಟೋಮ್ಯಾಟಿಕ್ ಮಾಡಿಬಿಡ್ರಿ. ಎಲ್ಲಾರೂ ಹಂಗ ಮಾಡ್ಯಾರ."

ನಾನೂ ಹಾಗೆಯೇ ಮಾಡಿದೆ. ಮೊದಲ ದಿನವೇ, ಅವನ ಎದುರಿಗೇ. ಫೋಟೋ ಬೇಕೆಂದಾಗ ಸೋದರಳಿಯನ ಮದುವೆಯಲ್ಲಿ ರುಮಾಲು ಸುತ್ತಿಕೊಂಡು ತೆಗೆಸಿದ್ದನ್ನು ಕೊಟ್ಟೆ. ಅದರಲ್ಲಿ ನಾನು ನಗುತ್ತಿದ್ದೆ.

ಆ ಬರಹಗಳು ಯಾರಿಗಾಗಿ ಬರೆದವೋ ದೇವರೇ ಬಲ್ಲ. ಒಂದು ಸಲ, ಚಳಿಗಾಲ ಬರುವ ಮೊದಲು ಮನೆಯ ಚಿಮಣಿಯನ್ನು ತಪ್ಪದೆ ಸ್ವಚ್ಛ ಮಾಡಿಸಿರಿ ಎಂದು ನನ್ನ ಹೆಸರಿನಲ್ಲಿ ಊರಿಗೆಲ್ಲ ಹೋಯಿತು. ಚಹದ ಅಂಗಡಿಯಲ್ಲಿ ಹಿಡಿದುಕೊಂಡರು. "ಏನ್ರಿ ಸಾಹೇಬ್ರ, ನಮ್ಮ ಕಡೆ ಚಿಮಣಿ ಇರೂದು ಸಕ್ಕರಿ ಫ್ಯಾಕ್ಟರಿಗೆ. ನೀವ ಹತ್ತಿ ತೊಳೀತೀರೇನು?" ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದೇ ಹೋಗಿ ಆ ಬಟನ್ ಬದಲಿಸಬೇಕಿತ್ತು. ಆದರೆ ಜನ ನಗುವುದಕ್ಕಾದರೂ ಓದುತ್ತಿದ್ದಾರಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ನಗದೆ ಓದಿದವನು ನನ್ನ ಗೆಳೆಯ ಒಬ್ಬನೇ.

ಅವನೂ ನಾನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನ ನಿಬಂಧಗಳನ್ನು ಮಾಸ್ತರರು ಇಡೀ ವರ್ಗಕ್ಕೆ ಓದಿ ತೋರಿಸುತ್ತಿದ್ದರು. ನಾನು ಅವನ ವಹಿಯ ಮೇಲೆ ಕಣ್ಣಿಟ್ಟು ಪಾಸಾದವನು. ಮುಂದೆ ಅವನು ಸರಕಾರಿ ಬಸ್ಸಿನ ಡ್ರೈವರ್ ಆದ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಎಂದು ಬದಲಿಯಾಗುತ್ತ ಕೊನೆಗೆ ಅಥಣಿಯಲ್ಲಿ ನಿವೃತ್ತನಾದ. ನನ್ನ ಮೊದಲ ಪತ್ರಿಕೆ ಮುಟ್ಟಿದ ದಿನ ಅವನ ಫೋನ್ ಬಂತು.

"ಲೇ, ನೀ ಬರದದ್ದು ಓದಿದ್ನಿ. ಆಕಳ ಮ್ಯಾಲೆ ನಾಕ ಓಳಿ ಬರಿಯಾಕ ನನ್ನ ವಹಿ ಇಣಕಾಂವ, ಈಗ ನೋಡಿದ್ರ ದೊಡ್ಡ ಲೇಖಕ ಆಗೀಯಲಾ."

ನಾನು ಬರೆದದ್ದಲ್ಲ ಎನ್ನಲು ಅದೇ ಸಮಯವಾಗಿತ್ತು. "ವಯಸ್ಸಾದಂಗ ಬುದ್ಧಿ ಬರತೈತಿ ಮಾರಾಯಾ," ಎಂದುಬಿಟ್ಟೆ. ಅಂದಿನಿಂದ ತಿಂಗಳಿಗೊಮ್ಮೆ ಅವನ ಫೋನ್ ತಪ್ಪಲಿಲ್ಲ. ಮರಾಠಿಯಿಂದ ಯಂತ್ರ ತಿರುಗಿಸಿದ ಆ ಕನ್ನಡ ಸೊಟ್ಟಗಿರುತ್ತಿತ್ತು. ಅವನು ಮರಾಠಿ ಓದಿ, ಕನ್ನಡ ಓದಿ, ಇಂಥ ಕಡೆ ಹೀಗೆ ಬರೆದಿದ್ದರೆ ಚೆನ್ನಾಗಿತ್ತು ಎಂದು ಪ್ರೀತಿಯಿಂದ ತಿದ್ದುತ್ತಿದ್ದ. ನಾನು ಹೂಂ ಹೂಂ ಎಂದು ಕೇಳುತ್ತಿದ್ದೆ. ಅವನು ಯಾವುದರ ಬಗ್ಗೆ ಮಾತಾಡುತ್ತಿದ್ದಾನೆ ಎಂಬುದು ಎಷ್ಟೋ ಸಲ ನನಗೆ ತಿಳಿಯುತ್ತಿರಲಿಲ್ಲ.

ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಮಂಗಸೂಳಿಯವರು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಸಂಸಾರ ಮಾಡಿದವರು. ನಿಪ್ಪಾಣಿಯಲ್ಲಿದ್ದಾಗ ತಂಬಾಕಿನ ವ್ಯಾಪಾರಿಯೊಬ್ಬರ ಹಳೆಯ ವಾಡೆ ಕೆಡವುತ್ತಿದ್ದರಂತೆ. ಅಲ್ಲಿಂದ ವೈನಿ ಒಂದು ಸಾಗವಾನಿ ಬಾಗಿಲನ್ನು ಚೌಕಟ್ಟಿನ ಸಮೇತ ಕೊಂಡರು. ಮನೆ ಇಲ್ಲ, ಜಾಗವಿಲ್ಲ, ಬಾಗಿಲು ಮಾತ್ರ. ಬದಲಿಯಾದಲ್ಲೆಲ್ಲ ಅದು ಟೆಂಪೋದಲ್ಲಿ ಜೊತೆಗೆ ಬಂತು. ಪ್ರತಿ ಬಾಡಿಗೆ ಮನೆಯಲ್ಲಿ ಗೋಡೆಗೆ ಒರಗಿ ನಿಂತಿತು. ದೀಪಾವಳಿಗೆ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಮನೆ ಮಾಲೀಕರು ಚೇಷ್ಟೆ ಮಾಡುತ್ತಿದ್ದರು, "ಬಾಗಲಾ ಐತಿ, ಮನಿ ಎಲ್ಲೈತ್ರಿ ಅಕ್ಕಾರ?" ವೈನಿಯ ಉತ್ತರ ಯಾವಾಗಲೂ ಒಂದೇ, "ಬರತೈತಿ ತಡೀರಿ. ಬಾಗಲಾ ಒಂದೀಟು ಮೊದಲ ಬಂದೈತಿ ಅಷ್ಟ."

ಗೆಳೆಯ ನಿವೃತ್ತನಾದ ಮೇಲೆ ಆ ಬಾಗಿಲಿಗೊಂದು ಮನೆ ಕಟ್ಟಬೇಕು ಎಂಬುದೊಂದೇ ಅವರಿಬ್ಬರಿಗೂ ಉಳಿದ ಆಸೆ. ಕೈಗೆ ಬಂದ ಗಂಟು ಒಂದೇ ಸಲದ್ದು, ಮತ್ತೆ ಬರುವಂಥದ್ದಲ್ಲ.

ಆ ಹೊತ್ತಿಗೆ ನಮ್ಮ ಊರಿನ ಹೊರಗೆ ಒಬ್ಬ ರೈತ ತನ್ನ ಕಬ್ಬಿನ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುತ್ತಿದ್ದ. ಮನೆ ಕಟ್ಟಲು ಸರಕಾರದಿಂದ ಪರಿವರ್ತನೆ ಆಗದ ಹೊಲ ಅದು. ಬಾಂಡ್ ಕಾಗದದ ಮೇಲೆ ಬರೆದುಕೊಡುತ್ತಿದ್ದ. ಗಿರಾಕಿ ತಂದುಕೊಡು ಎಂದು ನನಗೂ ಹೇಳಿದ್ದ. ಗೆಳೆಯನಿಗೆ ಆ ಜಾಗ ನಾನೇ ತೋರಿಸಿದೆ. ಅವನು ಒಮ್ಮೆಲೇ ಹೂಂ ಎನ್ನಲಿಲ್ಲ. ಮನೆಗೆ ಹೋಗಿ ವಿಚಾರ ಮಾಡುತ್ತೇನೆ ಎಂದ. ಕೆಲವು ದಿನ ಬಿಟ್ಟು ಮುಖ ಅರಳಿಸಿಕೊಂಡು ಅಂಗಡಿಗೆ ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದ.

"ಇದ ಹೊಲದ ಸಲುವಾಗಿ ಬರದೀ ಅಲಾ? ಗುಂಟೆ ಗುಂಟೆ ತಗೊಂಡ ಜಾಗಾನೂ ಸರಕಾರಕ್ಕ ಫೀ ತುಂಬಿದ್ರ ಸಕ್ರಮ ಆಗತೈತಿ ಅಂತ?"

ಆ ಬರಹವನ್ನು ನಾನು ನೋಡಿದ್ದು ಅದೇ ಮೊದಲು. ಮೇಲೆ ಮರಾಠಿ, ಕೆಳಗೆ ಸೊಟ್ಟ ಕನ್ನಡ, ಅದರ ಕೆಳಗೆ ರುಮಾಲು ಸುತ್ತಿಕೊಂಡು ನಗುವ ನಾನು. ನಾಲ್ಕು ಸಾಲು ಓದುವಷ್ಟರಲ್ಲಿ ತಿಳಿಯಿತು, ಅದು ಗಡಿಯ ಆಚೆಯ ಕಾನೂನು. ಅಲ್ಲಿ ಅದು ನಿಜ. ನಮ್ಮಲ್ಲಿ ಅಂಥದ್ದು ಬರುತ್ತದೆ, ಬರುತ್ತದೆ ಎಂದು ಜನ ಮಾತಾಡುತ್ತಿದ್ದರೇ ಹೊರತು ಆ ಹೊಲವನ್ನು ಸಕ್ರಮ ಮಾಡುವ ಯಾವ ದಾರಿಯೂ ಇರಲಿಲ್ಲ.

ಎರಡು ಮಾತು ಸಾಕಿತ್ತು. ಇದು ನಾನು ಬರೆದದ್ದಲ್ಲ, ಇದು ನಮ್ಮ ಕಡೆ ನಡೆಯುವುದಿಲ್ಲ. ಎರಡನೆಯದನ್ನು ಹೇಳಬೇಕಾದರೆ ಮೊದಲನೆಯದನ್ನೂ ಹೇಳಬೇಕಿತ್ತು. ಅದನ್ನು ಹೇಳಿದರೆ ಅವನು ಇಷ್ಟು ದಿನ ಮಾಡಿದ ಹೊಗಳಿಕೆಯೆಲ್ಲ ನನ್ನ ಮುಖದ ಮೇಲೇ ಬೀಳುತ್ತಿತ್ತು. ದಲಾಲಿಯ ಆಸೆಯೂ ಇತ್ತು, ಇರಲಿಲ್ಲ ಎನ್ನುವುದಿಲ್ಲ. ಆದರೆ ಬಾಯಿ ಕಟ್ಟಿದ್ದು ಹೊಗಳಿಕೆ.

"ನಮ್ಮ ಕಡೆನೂ ನಡೀತೈತಲಾ?" ಎಂದು ಅವನು ಮತ್ತೆ ಕೇಳಿದ.

"ಇವತ್ತಿಲ್ಲ ನಾಳೆ ಆಗೂದ ಐತಿ," ಎಂದೆ.

"ಸಾಕು ಬಿಡು. ನೀ ಬರದೀ ಅಂದ ಮ್ಯಾಲೆ ನಾ ಮತ್ತ್ಯಾರನ್ನ ಕೇಳಲಿ?"

ವ್ಯವಹಾರ ಮುಗಿದ ಮೇಲೆ ವೈನಿ ಜಾಗ ನೋಡಲು ಬಂದರು. ಕಬ್ಬು ಕಡಿದ ಕೂಳೆಗಳ ನಡುವೆ ಸೀರೆ ಎತ್ತಿ ಹಿಡಿದು ನಡೆದು, ಪೂರ್ವಕ್ಕೆ ಮುಖ ಮಾಡಿ ನಿಂತು, ಎರಡೂ ಕೈ ಅಗಲಿಸಿದರು. ಬಾಗಿಲಿನ ಅಗಲ ಅವರಿಗೆ ಕೈಯಲ್ಲೇ ಇತ್ತು. "ಇಲ್ಲಿ ಬರತೈತಿ ನೋಡ್ರಿ ಅಣ್ಣಾರ," ಎಂದರು. ಕೈ ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಗೆಳೆಯ ಅವರನ್ನು ನೋಡುತ್ತಿದ್ದ. ನಾನು ರಸ್ತೆಯ ಕಡೆ ನೋಡುತ್ತಿದ್ದೆ.

ಪಾಯ ಅಗೆಯಲು ಆರಂಭಿಸಿದಾಗ ಪಂಚಾಯಿತಿಯವರು ಬಂದರು.

"ಯಾರ ಹೇಳ್ಯಾರ್ರಿ ನಿಮಗ ಇದು ಪ್ಲಾಟ್ ಅಂತ? ಪಹಣಿ ಉತಾರದಾಗ ಇನ್ನೂ ಹೊಲಾನ ಐತಿ ಇದು. ಪರವಾನಗಿ ಸಿಗೂದಿಲ್ಲ, ಕರೆಂಟೂ ಸಿಗೂದಿಲ್ಲ."

ಗೆಳೆಯ ಗಾಬರಿಯಾಗಲಿಲ್ಲ. ಮೊಬೈಲ್ ತೆಗೆದು ಆ ಬರಹವನ್ನು ಅವರಿಗೆ ತೋರಿಸಿದ. ಅವರಲ್ಲೊಬ್ಬ ಓದಿ ಮೊಬೈಲನ್ನು ವಾಪಸು ಕೊಟ್ಟ. "ಇದು ಮಹಾರಾಷ್ಟ್ರದ್ದರೀ. ಆ ಕಡೆ ಹೋಗಿ ಕಟ್ಟರಿ," ಎಂದ.

ನಾನು ಅಲ್ಲಿಯೇ ಇದ್ದೆ. ಗೆಳೆಯ ನನ್ನ ಮುಖ ನೋಡಿದ. ತಹಶೀಲ್ದಾರ ಸಾಹೇಬರ ಹತ್ತಿರ ಮಾತಾಡುತ್ತೇನೆ ಎಂದೆ. ಅವನು ತಲೆಯಾಡಿಸಿದ. ಆಗಲೂ ನಂಬಿದ.

ಆಮೇಲೆ ತಹಶೀಲ್ದಾರ ಕಚೇರಿ, ಪಂಚಾಯಿತಿ, ವಕೀಲರು ಎಂದು ಅವನು ಅಲೆದ. ಕೆಲವೊಮ್ಮೆ ನಾನೂ ಹೋದೆ, ಹೋಗಿ ಸುಮ್ಮನೆ ಪಕ್ಕದಲ್ಲಿ ಕುಳಿತೆ. ಹೊಲ ಮಾರಿದವನ ಮನೆಗೆ ಹೋದರೆ, "ತಗೊಂಡಿದ್ದು ಹೊಲಾ, ಹೊಲಾ ಎಲ್ಲಿ ಓಡಿ ಹೋಗೇತಿ? ಬಿತ್ತಕೋರಿ," ಎಂದ. ಅಗೆದ ಪಾಯದಲ್ಲಿ ಮಳೆನೀರು ನಿಂತು ಆಪಿನ ಹುಲ್ಲು ಬೆಳೆಯಿತು.

ಈ ನಡುವೆ ಅವನು ಯಾವುದೋ ಕಾರ್ಯಕ್ಕೆಂದು ಸಾಂಗಲಿಗೆ ಹೋಗಿದ್ದ. ಅಲ್ಲಿ ನೆಂಟರೊಬ್ಬರ ಮೊಬೈಲಿನಲ್ಲಿ ಅದೇ ಬರಹ ಕಂಡಿತಂತೆ. ಅಕ್ಷರ ಅಕ್ಷರ ಅದೇ. ಕೆಳಗೆ ಫೋಟೋ ಮಾತ್ರ ಬೇರೆ ಏಜಂಟನದು. ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದ.

"ಅಂವಾ ನಿಂದು ಕದ್ದಾನೇನಲೇ?" ಎಂದು ಕೇಳಿದ. ಅಷ್ಟಾದ ಮೇಲೂ ತಪ್ಪಿಸಿಕೊಳ್ಳಲು ನನಗೊಂದು ದಾರಿ ಬಿಟ್ಟು ಕೇಳಿದ.

"ಇಲ್ಲ. ಅಂವಾನೂ ಬರದಿಲ್ಲ, ನಾನೂ ಬರದಿಲ್ಲ."

ಪುಣೆಯ ವಿಷಯ, ಬಟನ್ನಿನ ವಿಷಯ ಎಲ್ಲ ಹೇಳಿದೆ. ಅವನು ಖುರ್ಚಿಯ ತುದಿಯಲ್ಲಿ ಕುಳಿತು ಕೇಳಿದ.

"ಬರಿಯೂದು ಇರಲಿ. ಓದಿದ್ದಿ ಇಲ್ಲೋ?"

"ಇಲ್ಲ."

"ಒಂದೂ ಓದಿಲ್ಲ?"

"ಇಲ್ಲೋ."

"ನಾ ಎಲ್ಲಾ ಓದೀನಿ," ಎಂದ.

ಅವನು ಬೈದಿದ್ದರೆ ಚೆನ್ನಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಡ್ಡ ಬಂದ ರಿಕ್ಷಾದವನಿಗೆ ಏಳು ತಲೆಮಾರು ಸೇರಿಸಿ ಬೈಯುತ್ತಿದ್ದವನು ಅವನು. ನಾನು ತಪ್ಪಾಯಿತೋ ಎಂದೆ. ಅವನ ಕೈ ಹಿಡಿಯಲು ಹೋದೆ. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ನನ್ನ ಕೈ ಹಿಡಿಯಲೂ ಇಲ್ಲ.

"ಬಿಡು. ಮನ್ಯಾಗ ಮಾತ್ರ ಏನೂ ಹೇಳಬ್ಯಾಡ. ಆಕಿಗೆ ಏನ ಹೇಳಬೇಕು ನಾ ಹೇಳತೀನಿ."

ಅಷ್ಟು ಹೇಳಿ ಅಥಣಿಯ ಬಸ್ಸಿಗೆ ಹೋದ. ಆಮೇಲೆ ಅವನಿಂದ ಫೋನ್ ಬರಲಿಲ್ಲ. ತಿಂಗಳ ಪತ್ರಿಕೆ ಮಾತ್ರ ತಪ್ಪದೆ ನನ್ನಿಂದ ಅವನಿಗೆ ಹೋಗುತ್ತಿತ್ತು. ಅದನ್ನು ನಿಲ್ಲಿಸಬೇಕೆಂಬುದೂ ನನಗೆ ಹೊಳೆಯಲಿಲ್ಲ. ಎದೆನೋವು ಬಂದು ಮಿರಜಿಗೆ ಒಯ್ಯುವ ದಾರಿಯಲ್ಲೇ ಅವನು ತೀರಿಕೊಂಡ. ಅವನನ್ನು ಹೊತ್ತ ಗಾಡಿ ನನ್ನ ಅಂಗಡಿಯ ಮುಂದಿನಿಂದಲೇ ಹೋಗಿರಬೇಕು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಥಣಿಗೆ ಹೋದೆ. ವೈನಿಗೆ ಎಲ್ಲವನ್ನೂ ಹೇಳಬೇಕೆಂದೇ ಹೋದೆ. ಬಾಗಿಲು ಪಡಸಾಲೆಯ ಗೋಡೆಗೆ ಒರಗಿತ್ತು. ಅದರ ಮೇಲೆ ಒಂದು ಟವೆಲ್ ಒಣಹಾಕಿದ್ದರು. ನಾನು ಬಾಯಿ ತೆರೆಯುವ ಮೊದಲೇ ಚಹದ ಕಪ್ಪು ಕೈಗಿಟ್ಟು ಅವರೇ ಮಾತು ತೆಗೆದರು.

"ಅವರು ನನಗ ಎಲ್ಲಾ ಹೇಳ್ಯಾರ ಅಣ್ಣಾರ."

ಗೊತ್ತಿದೆ ಎಂದಾದರೆ ನಾನು ಹೇಳಬೇಕಾದದ್ದೂ ಕಡಿಮೆಯಾಯಿತು ಎಂದು ಒಂದು ಕ್ಷಣ ಸಮಾಧಾನವೂ ಆಯಿತು.

"ನೀವು ಬ್ಯಾಡ ಅಂದಿದ್ರಂತ," ಎಂದರು ವೈನಿ. "ಆ ಹೊಲಾ ತಗೋಬ್ಯಾಡ, ಕಾಗದ ನೆಟ್ಟಗಿಲ್ಲ ಅಂತ ಬಡಕೊಂಡ್ರಂತ. ಇವರ ಕೇಳಲಿಲ್ಲಂತ. ನಂದ ತಪ್ಪ, ಅವಂಗೇನೂ ಅನಬ್ಯಾಡ ಅಂತ ಹೇಳಿದ್ರು. ಅವತ್ತಿನಿಂದ ನಾ ಅವರ ಕೂಡ ನೆಟ್ಟಗ ಮಾತಾಡಲಿಲ್ಲ ಅಣ್ಣಾರ. ತಾಟು ಇಟ್ಟ ಹೊಳ್ಳಿ ಒಳಗ ಹೋಗತಿದ್ನಿ. ಹೋಗೂ ಮಟಾನೂ ಹಂಗ."

ಕಪ್ಪು ನನ್ನ ಕೈಯಲ್ಲಿತ್ತು. ನಿಜ ಹೇಳಿದರೆ, ತಪ್ಪಿಲ್ಲದ ಗಂಡನೊಡನೆ ಮಾತು ಬಿಟ್ಟೆ ಎಂಬ ಸಂಕಟ ಅವರಿಗೆ. ಹೇಳದಿದ್ದರೆ, ಮಾತು ಕೇಳದೆ ಕೆಡಿಸಿದ ಎಂಬ ಹೆಸರು ಸತ್ತವನಿಗೆ. ಹೀಗೆ ತೂಗಿ ನೋಡಿದೆ ಎಂದು ಈಗ ಬರೆಯುತ್ತಿದ್ದೇನೆ. ಅಂದು ಏನನ್ನೂ ತೂಗಲಿಲ್ಲ. ಅಂಜಿಕೆ, ಅಷ್ಟೆ. ಚಹ ಕುಡಿದೆ.

ಹೊರಡುವಾಗ ವೈನಿ ಅಂದರು, "ನಿಮ್ಮ ಪತ್ರಿಕಿ ಇನ್ನೂ ಬರತಾವ. ಅವರ ಹೆಸರ್ಲೆ ಬರತಾವ." ಮೊಬೈಲಿನಲ್ಲಿ ತೋರಿಸಿದರು. ಗೆಳೆಯನ ಹೆಸರು, ಅದರ ಮುಂದೆ ನಮಸ್ಕಾರ, ಅದರ ಕೆಳಗೆ, ನಿಮ್ಮ ಕನಸಿನ ಮನೆಗೆ ನಮ್ಮ ಸಲಹೆ. ಊರಿಗೆ ಬಂದವನೇ ಕಂಪನಿಗೆ ಫೋನ್ ಮಾಡಿ ಎಲ್ಲವನ್ನೂ ನಿಲ್ಲಿಸಿದೆ. ವೆಬ್‌ಸೈಟನ್ನೂ ತೆಗೆಸಿದೆ. ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದುಕೊಂಡಿದ್ದೆ. ಮುಂದಿನ ತಿಂಗಳು ವೈನಿಯ ಫೋನ್ ಬಂತು.

"ಪತ್ರಿಕಿ ಯಾಕ ಬರವಲ್ವು ಅಣ್ಣಾರ? ಬಂದ್ರ ಅವರ ಹೆಸರು ಕಾಣತಿತ್ತು."

"ಯಂತ್ರ ಕೆಟ್ಟೈತ್ರಿ ವೈನಿ," ಎಂದೆ.

ಕಳೆದ ವರ್ಷ ವೈನಿಯ ತಂಗಿಯ ಮಗ ಉಗಾರ ಬುದ್ರುಕದಲ್ಲಿ ಮನೆ ಕಟ್ಟಿಸಲು ಹಿಡಿದ. ಗೋಡೆಗೆ ಸುಮ್ಮನೆ ಒರಗಿದ್ದ ಬಾಗಿಲನ್ನು ಕೊಡು ದೊಡ್ಡವ್ವಾ ಎಂದು ಕೇಳಿದನಂತೆ. ವೈನಿ ನನ್ನನ್ನು ಕೇಳಿದರು. "ಕೊಡಲ್ಯೋ ಬ್ಯಾಡೋ ನೀವ ಹೇಳ್ರಿ. ನಿಮ್ಮ ಮಾತು ಮೀರಿ ಒಮ್ಮೆ ಕೆಟ್ಟೀವಿ."

ಕೊಡಿರಿ ಎಂದೆ.

ಚೌಕಟ್ಟು ನಿಲ್ಲಿಸುವ ಪೂಜೆಗೆ ನನ್ನನ್ನೂ ಕರೆದರು. ಎಣ್ಣೆ ಕುಡಿದು ಕಪ್ಪಾದ ಆ ಸಾಗವಾನಿ ಬಾಗಿಲು ಬೇರೊಬ್ಬರ ಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಲು ತಯಾರಾಗಿತ್ತು. ಮುತ್ತೈದೆಯರು ಅರಿಸಿನ ಕುಂಕುಮ ಹಚ್ಚಿದರು. ವೈನಿ ಮುಂದೆ ಬರಲಿಲ್ಲ, ಇಟ್ಟಂಗಿಯ ರಾಶಿಯ ಹತ್ತಿರ ನಿಂತಿದ್ದರು. ತಂಗಿ ಕರೆದರೂ ಬರಲಿಲ್ಲ.

"ನಾ ಹಚ್ಚೂದು ಬ್ಯಾಡ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ಅವರ ಪರವಾಗಿ ನೀವ ಹಚ್ಚರಿ. ನಮ್ಮ ಛಲೋ ಬಯಸಿದವರು ನೀವ ಒಬ್ಬರ," ಎಂದರು.

ನಾನು ಕುಂಕುಮ ತೆಗೆದುಕೊಂಡು ಹಚ್ಚಿದೆ. ಅಂದೂ ಹೇಳಲಿಲ್ಲ. ಗೆಳೆಯನ ಮುಂದೆ ತಪ್ಪಾಯಿತು ಎಂದಿದ್ದೆ, ಅವನು ಬಿಡು ಎಂದಿದ್ದ. ನಾನು ಒಮ್ಮೆಯೂ ಕ್ಷಮೆ ಕೇಳದೆ ಉಳಿದದ್ದು ಇಟ್ಟಂಗಿಯ ರಾಶಿಯ ಹತ್ತಿರ ನಿಂತಿದ್ದ ವೈನಿಯನ್ನು.